ಕಿಟ್ ಹಾಕಿಸುವ ಮುಂಚೆ ಸೈಲೆನ್ಸರ್ ಬಿಚ್ಚಿ ನೋಡಿ: ಓದುಗರ ಮಷೀನು ಪ್ರಶ್ನೆಗಳಿಗೆ ಉತ್ತರ

ಭತ್ತದ ಕಟಾವು ಮುಗಿದು ಕಾಲುವೆಗೆ ನೀರು ನಿಂತಿತು ಅಂದರೆ ನಮ್ಮ ಕಡೆ ಮರ ಕೊಯ್ಯುವ ಕೆಲಸ ಜೋರು. ಬದುವಿನ ಮೇಲೆ, ಕಾಲುವೆ ದಂಡೆಯಲ್ಲಿ ಬೆಳೆದು ನಿಂತ ಬಳ್ಳಾರಿ ಜಾಲಿ ತೆಗೆಯಬೇಕು, ಹೊಲ ಹಸನು ಮಾಡಬೇಕು. ಹಾಗಾಗಿ ಗಂಗಾವತಿಯ ನಮ್ಮ ವರ್ಕ್‌ಶಾಪಿಗೆ ಈಗ ಚೈನ್ ಸಾ, ಹುಲ್ಲು ಕತ್ತರಿಸುವ ಮಷೀನು, ಬೆಳೆಗೆ ಎಣ್ಣೆ (ಕೀಟನಾಶಕ) ಹೊಡೆಯುವ ಪಂಪು ಜಾಸ್ತಿ ಬರುತ್ತಿವೆ, ಈ ಅಂಕಣಕ್ಕೆ ಪತ್ರಗಳೂ ಜಾಸ್ತಿ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಕೊಟ್ಟಿದ್ದೇನೆ.

ಅಣ್ಣಾ, ನನ್ನದು 58 ಸಿಸಿ ಚೈನ್ ಸಾ. ಜಾಲಿ ಕೊಯ್ಯುವಾಗ ಪಿಸ್ಟನ್ ಜಾಮ್ ಆಯಿತು. ಮಿಸ್ತ್ರಿ ಹೊಸ ಬ್ಲಾಕು (ಸಿಲಿಂಡರ್), ಪಿಸ್ಟನ್ ಕಿಟ್ ಹಾಕಿಕೊಟ್ಟರು. ತಿಂಗಳೊಳಗೆ ಮತ್ತೆ ಜಾಮ್. ಕಿಟ್ ಡೂಪ್ಲಿಕೇಟ್ ಇತ್ತಾ?
ಓದುಗರು, ಸಿಂಧನೂರು

ಇದ್ದರೂ ಇರಬಹುದು. ಆದರೆ ನನ್ನ ಅನುಮಾನ ಕಿಟ್ ಮೇಲೆ ಇಲ್ಲ. ಮೊದಲನೇ ಸಲ ಯಾಕೆ ಜಾಮ್ ಆಯಿತು ಅಂತ ಯಾರೂ ನೋಡಿದಂತೆ ಕಾಣುವುದಿಲ್ಲ. ಕಾರಣ ಮಷೀನಿನಲ್ಲೇ ಉಳಿದಿದೆ, ಪಿಸ್ಟನ್ ಮಾತ್ರ ಹೊಸದು. ಹೀಗಾದರೆ ಮೂರನೇ ಕಿಟ್ ಕೂಡ ಅದೇ ದಾರಿ ಹಿಡಿಯುತ್ತದೆ.

ತೆಗೆದ ಪಿಸ್ಟನ್ ಬಿಸಾಕದೆ ಇಟ್ಟಿದ್ದರೆ ಈಗಲೇ ಕೈಗೆ ತೆಗೆದುಕೊಳ್ಳಿ. ಇಲ್ಲದಿದ್ದರೆ ಸೈಲೆನ್ಸರಿನ ಬೋಲ್ಟ್ ಬಿಚ್ಚಿ, ಆ ಕಿಂಡಿಯಿಂದ ಟಾರ್ಚ್ ಬಿಟ್ಟು, ಹಗ್ಗ ನಿಧಾನಕ್ಕೆ ಎಳೆಯುತ್ತಾ ಪಿಸ್ಟನ್ನಿನ ಮೈ ನೋಡಿ. ಗೀರು ಸೈಲೆನ್ಸರ್ ಕಡೆ ಮಾತ್ರ ಇದ್ದರೆ ಪೆಟ್ರೋಲು ಕಡಿಮೆ ಬಂದು ಗಾಳಿ ಜಾಸ್ತಿಯಾಗಿದೆ, ಇಲ್ಲವೇ ಮಷೀನು ವಿಪರೀತ ಕಾದಿದೆ. ಸುತ್ತಲೂ ಒಂದೇ ಸಮ ಗೀರಿದ್ದರೆ ಪೆಟ್ರೋಲಿಗೆ ಟೂ ಟಿ ಎಣ್ಣೆ (ಟೂ ಸ್ಟ್ರೋಕ್ ಇಂಜಿನ್ನಿನ ಎಣ್ಣೆ) ಬೆರೆಸುವುದೇ ಮರೆತಿದ್ದಾರೆ. ಕಾರ್ಬೊರೇಟರ್ ಕಡೆ ಮೈ ಮಂಕಾಗಿ, ಬೂದು ಬಣ್ಣಕ್ಕೆ ತಿರುಗಿ ಸವೆದಿದ್ದರೆ ಏರ್ ಫಿಲ್ಟರ್ ದಾಟಿ ಧೂಳು ಒಳಗೆ ಹೋಗಿದೆ. ಇಷ್ಟು ನೋಡಲು ಹತ್ತು ನಿಮಿಷ ಸಾಕು. ನೋಡದೆ ಕಿಟ್ ಹಾಕುವುದು ಸುಮ್ನೆ ದುಡ್ಡು ಸುಡುವ ಕೆಲಸ, ಇದನ್ನು ನಮ್ಮ ಕಸುಬಿನವರಿಗೂ ಸೇರಿಸಿಯೇ ಹೇಳುತ್ತಿದ್ದೇನೆ.

ನಿಮ್ಮದು ಎರಡು ಸಲ ಆಗಿರುವುದರಿಂದ ಗಾಳಿ ಎಲ್ಲೋ ಕಳ್ಳದಾರಿಯಲ್ಲಿ ಒಳಗೆ ಬರುತ್ತಿದೆ ಅಂತ ನನಗನ್ನಿಸುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ತಕ್ಷಣ ಇಳಿಯದೆ ಕೂಗುತ್ತಲೇ ಇತ್ತಾ? ಮಷೀನು ಪಕ್ಕಕ್ಕೆ ವಾಲಿಸಿದರೆ ಸದ್ದು ಬದಲಾಗುತ್ತಿತ್ತಾ? ಹೌದು ಅಂದರೆ ಲೀಕ್ ಇರುವುದು ಬಹುತೇಕ ಖಚಿತ. ಕಾರ್ಬೊರೇಟರಿಗೂ ಬ್ಲಾಕಿಗೂ ನಡುವೆ ಒಂದು ರಬ್ಬರ್ ಕೊಳವೆ ಇರುತ್ತದೆ, ಅದನ್ನು ಬೆರಳಲ್ಲಿ ಬಗ್ಗಿಸಿ ನೋಡಿ, ಸುಮ್ಮನೆ ಇಟ್ಟಾಗ ಕಾಣದ ಬಿರುಕು ಬಗ್ಗಿಸಿದಾಗ ಬಾಯಿ ಬಿಡುತ್ತದೆ. ಆಮೇಲೆ ಕ್ರ್ಯಾಂಕಿನ ಎರಡು ಬದಿಯ ಸೀಲು. ಕ್ಲಚ್ ಹಿಂದೆ ಇರುವ ಸೀಲು ಕಣ್ಣಿಗೆ ಬೀಳುವುದಿಲ್ಲ, ಅದಕ್ಕೇ ಎಲ್ಲರೂ ಅದನ್ನು ಬಿಟ್ಟುಬಿಡುತ್ತಾರೆ.

ಸರಿಯಾದ ಪರೀಕ್ಷೆ ಹೀಗೆ. ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಸೈಲೆನ್ಸರಿನ ಕೆಳಗಿಟ್ಟು ಬೋಲ್ಟ್ ಬಿಗಿ ಮಾಡಿ. ಕಾರ್ಬೊರೇಟರ್ ಬದಿಯನ್ನೂ ಹಾಗೆಯೇ ಮುಚ್ಚಿ. ಪಿಸ್ಟನ್ ಪೂರ್ತಿ ಕೆಳಗಿರಲಿ. ಪ್ಲಗ್ ತೂತಿನಿಂದ ಕೈಪಂಪಿನಲ್ಲಿ ಸುಮಾರು 7 ಪಿಎಸ್ಐ ಗಾಳಿ ತುಂಬಿ. ಪಂಪಿನ ಮೀಟರಿನ ಮುಳ್ಳು ನಿಂತರೆ ಸರಿ, ಇಳಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಬರುತ್ತದೆ ನೋಡಿ. ಗಾಳಿ ತುಂಬಿದಾಗ ಗಟ್ಟಿಯಾಗಿ ಕೂರುವ ಸೀಲು ಗಾಳಿ ಹೊರಗೆ ಎಳೆದಾಗ ಸೋರುವುದೂ ಉಂಟು, ಅದಕ್ಕೆ ಗಾಳಿ ಎಳೆದು ನೋಡುವ ವ್ಯಾಕ್ಯೂಮ್ ಪರೀಕ್ಷೆಯನ್ನೂ ಮಾಡಬೇಕು. ಮಷೀನು ಕೊಟ್ಟಾಗ "ಇದನ್ನು ಮಾಡ್ತೀರಾ?" ಅಂತ ಕೇಳಿ. "ಅದೆಲ್ಲ ಬೇಡ ಬಿಡ್ರಿ" ಅಂದರೆ ಬೇರೆ ಅಂಗಡಿ ನೋಡಿ.

ಇನ್ನೊಂದು ಕಾರಣ ಇದೆ, ಅದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಕಾರ್ಬೊರೇಟರಿನ ಎಚ್ ಸ್ಕ್ರೂ ಬಲಕ್ಕೆ ತಿರುವಿದಷ್ಟೂ ಪೆಟ್ರೋಲು ಕಡಿಮೆಯಾಗಿ ಇಂಜಿನ್ ಕಿರುಚುತ್ತದೆ. ಗಿರಾಕಿಗೆ ಆ ಸದ್ದು ಇಷ್ಟ, "ಈಗ ನೋಡ್ರಿ ಪಿಕಪ್ಪು!" ಅನ್ನುತ್ತಾರೆ. ಆ ಪಿಕಪ್ಪು ಪಿಸ್ಟನ್ನಿನ ಪ್ರಾಣ ತೆಗೆಯುತ್ತದೆ. ಕಟ್ಟಿಗೆಗೆ ಹಚ್ಚದೆ ಫುಲ್ ಕೊಟ್ಟಾಗ ಸದ್ದು ಸ್ವಲ್ಪ ಗೊರಗೊರ ಅನ್ನಬೇಕು, ಕಟ್ಟಿಗೆಗೆ ಹಚ್ಚಿದ ಕೂಡಲೇ ಸ್ವಚ್ಛ ಆಗಬೇಕು. ಹಾಗಿದ್ದರೆ ಸೆಟ್ಟಿಂಗ್ ಸರಿ ಇದೆ. ಜೊತೆಗೆ ಜಾಲಿ ಗಟ್ಟಿ ಕಟ್ಟಿಗೆ, ಅದರ ಸಣ್ಣ ಪುಡಿ ಎಣ್ಣೆಗೆ ಅಂಟಿ ಬ್ಲಾಕಿನ ರೆಕ್ಕೆಗಳ ನಡುವೆ ಮೆತ್ತಿಕೊಳ್ಳುತ್ತದೆ. ಗಾಳಿ ಆಡದಿದ್ದರೆ ಬ್ಲಾಕು ತಣ್ಣಗಾಗುವುದು ಹೇಗೆ? ಸಂಜೆ ಮೇಲಿನ ಕವರ್ ತೆಗೆದು ಬ್ರಷ್ ಆಡಿಸಿ.

ಮೊದಲ ಬ್ಲಾಕನ್ನು ಬಳ್ಳಾರಿಯ ಲೇತಿನಲ್ಲಿ ಬೋರ್ ಹೊಡೆಸಿ (ಒಳಮೈ ಕೊರೆದು ಅಗಲ ಮಾಡಿಸಿ) ಓವರ್‌ಸೈಜ್ ಪಿಸ್ಟನ್ ಹಾಕಬಹುದಾ?
ಅದೇ ಓದುಗರು

ಆಗುವುದಿಲ್ಲ. ಡೀಸೆಲ್ ಪಂಪ್‌ಸೆಟ್ಟಿನ ಕಬ್ಬಿಣದ ಲೈನರಿಗೆ ಆ ಕೆಲಸ ಸರಿ. ಚೈನ್ ಸಾ ಬ್ಲಾಕು ಅಲ್ಯೂಮಿನಿಯಂ, ಒಳಮೈಗೆ ಕ್ರೋಮ್ ಅಥವಾ ನಿಕಾಸಿಲ್ ಲೇಪ ಇರುತ್ತದೆ. ಲೇಪದ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಇರುವುದಿಲ್ಲ. ಬೋರ್ ಹೊಡೆದರೆ ಅದೇ ಹೋಗಿಬಿಡುತ್ತದೆ.

ಆದರೆ ಬ್ಲಾಕು ಗುಜರಿಗೆ ಹಾಕುವ ಮುಂಚೆ ಒಂದು ಮಾತು. ಎಷ್ಟೋ ಸಲ ಅಲ್ಲಿ ಕಾಣುವ ಗೀರು ಬ್ಲಾಕಿನದ್ದಲ್ಲ, ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಗೋಡೆಗೆ ಮೆತ್ತಿಕೊಂಡಿರುತ್ತದೆ. ಬಾತ್‌ರೂಮ್ ತೊಳೆಯುವ ಹೈಡ್ರೋಕ್ಲೋರಿಕ್ ಆಸಿಡ್ಡಿನಲ್ಲಿ ಹತ್ತಿಕಡ್ಡಿ ಅದ್ದಿ, ಮೆತ್ತಿದ ಜಾಗಕ್ಕಷ್ಟೇ ಮುಟ್ಟಿಸಿ. ಬುರುಬುರು ನೊರೆ ಬಂದರೆ ಅಲ್ಯೂಮಿನಿಯಂ ಕರಗುತ್ತಿದೆ. ಒರೆಸಿ ಮತ್ತೆ ಮುಟ್ಟಿಸಿ, ನೊರೆ ನಿಂತಾಗ ನಿಲ್ಲಿಸಿ. ಕಿಂಡಿಗಳ ಅಂಚಿಗೆ ತಾಗಬಾರದು, ಲೇಪ ಹೋದ ಕಡೆ ಹಾಕಿದರೆ ಅದು ಬ್ಲಾಕನ್ನೇ ತಿನ್ನುತ್ತದೆ. ಬಯಲಲ್ಲಿ, ಕನ್ನಡಕ, ಗ್ಲೌಸ್ ಹಾಕಿಕೊಂಡು ಮಾಡುವ ಕೆಲಸ ಇದು, ಮಕ್ಕಳು ಹತ್ತಿರ ಸುಳಿಯಬಾರದು. ಆಮೇಲೆ ನೀರಿಗೆ ಅಡುಗೆ ಸೋಡಾ ಹಾಕಿ ಚೆನ್ನಾಗಿ ತೊಳೆದು, ಒಣಗಿಸಿ, ಉಗುರು ಆಡಿಸಿ. ಉಗುರು ಎಲ್ಲೂ ಸಿಕ್ಕಿಕೊಳ್ಳದಿದ್ದರೆ ಬ್ಲಾಕು ಉಳಿಯಿತು, ಪಿಸ್ಟನ್, ರಿಂಗು ಮಾತ್ರ ಹೊಸದು ಸಾಕು. ಸಿಕ್ಕಿಕೊಂಡರೆ ಬಿಟ್ಟುಬಿಡಿ.

ಪಿಸ್ಟನ್ ತಲೆ ಮೇಲಿನ ಬಾಣದ ಗುರುತು ಸೈಲೆನ್ಸರ್ ಕಡೆ ಇರಬೇಕು. ರಿಂಗಿನ ಬಾಯಿ ಪಿಸ್ಟನ್ನಿನ ಸಣ್ಣ ಮೊಳೆಗೆ ಸರಿಯಾಗಿ ಕೂರಬೇಕು. ಪಿನ್ನು ಜಾರದಂತೆ ತಡೆಯುವ ತಂತಿ ಬಳೆ, ಅಂದರೆ ಸರ್ಕ್ಲಿಪ್, ಹಳೆಯದು ಹಾಕಬೇಡಿ, ಅದು ಕಳಚಿ ಬಿದ್ದರೆ ಹೊಸ ಬ್ಲಾಕನ್ನೂ ಕೆರೆದು ಹಾಕುತ್ತದೆ.

ಒಂದು ಲೀಟರ್ ಪೆಟ್ರೋಲಿಗೆ ಟೂ ಟಿ ಎಣ್ಣೆ ಎಷ್ಟು? ಒಬ್ಬರು 20 ಎಂಎಲ್ ಅಂತಾರೆ, ಒಬ್ಬರು 40 ಅಂತಾರೆ. ಈಗ ಪೆಟ್ರೋಲಿನಲ್ಲೇ ಎಥನಾಲ್ ಇರುತ್ತದಂತೆ, ಅದರಿಂದ ತೊಂದರೆ ಇದೆಯಾ?
ಓದುಗರು, ಕಾರಟಗಿ

ಇಬ್ಬರೂ ಸರಿ. 25ಕ್ಕೆ 1 ಅಂದರೆ ಲೀಟರಿಗೆ 40 ಎಂಎಲ್, 50ಕ್ಕೆ 1 ಅಂದರೆ 20 ಎಂಎಲ್. ನಿಮ್ಮ ಮಷೀನಿಗೆ ಯಾವುದು ಅನ್ನುವುದು ಅದರ ಪುಸ್ತಕದಲ್ಲಿ ಅಥವಾ ಟ್ಯಾಂಕ್ ಮುಚ್ಚಳದ ಹತ್ತಿರ ಬರೆದಿರುತ್ತದೆ. ಬರಹ ಅಳಿಸಿ ಹೋಗಿದೆ, ಎಣ್ಣೆಯೂ ಸಾಧಾರಣದ್ದು ಅಂದರೆ 40 ಹಾಕಿ. ಸ್ವಲ್ಪ ಹೊಗೆ ಬರಬಹುದು, ಪ್ಲಗ್ ಆಗಾಗ ಒರೆಸಬೇಕಾಗಬಹುದು, ಅಷ್ಟೇ. ಎಣ್ಣೆ ಕಡಿಮೆಯಾದರೆ ಮೇಲಿನ ಸಿಂಧನೂರಿನವರ ಕಥೆ. ಅಂದಾಜಿಗೆ ಸುರಿಯಬೇಡಿ. ಔಷಧಿ ಅಂಗಡಿಯಲ್ಲಿ ದೊಡ್ಡ ಸಿರಿಂಜ್ ಸಿಗುತ್ತದೆ, ಅದನ್ನು ಇದಕ್ಕೇ ಇಟ್ಟುಕೊಳ್ಳಿ. ಬೆರೆಸುವುದು ಕ್ಯಾನಿನಲ್ಲಿ, ಟ್ಯಾಂಕಿನಲ್ಲಿ ಅಲ್ಲ.

ಎಥನಾಲ್ ವಿಷಯ ನಿಜ. 20 ಭಾಗ ಎಥನಾಲ್ ಬೆರೆತ ಪೆಟ್ರೋಲು 2023ರಿಂದ ಬಂಕುಗಳಿಗೆ ಬರತೊಡಗಿತು, ಈಗ ಸಾಮಾನ್ಯವಾಗಿ ಸಿಗುವುದೇ ಅದು. ದಿನಾ ಓಡುವ ಬೈಕಿಗೂ ವರ್ಷದಲ್ಲಿ ಕೆಲವೇ ದಿನ ಓಡುವ ಚೈನ್ ಸಾಗೂ ವ್ಯತ್ಯಾಸ ಇದೆ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ನೀರು ಹೆಚ್ಚಾದಾಗ ನೀರೂ ಎಥನಾಲೂ ಕೂಡಿ ತಳಕ್ಕೆ ಇಳಿಯುತ್ತವೆ. ಟ್ಯಾಂಕಿನ ಫಿಲ್ಟರ್ ಮಲಗಿರುವುದೂ ತಳದಲ್ಲೇ ಅಲ್ವಾ? ಹಾಗಾಗಿ ಕಾರ್ಬೊರೇಟರಿಗೆ ಮೊದಲು ಹೋಗುವುದೇ ಆ ನೀರು, ಅದರಲ್ಲಿ ಟೂ ಟಿ ಎಣ್ಣೆ ಇರುವುದೇ ಇಲ್ಲ ಅನ್ನಬಹುದು. ಅನುಮಾನ ಬಂದರೆ ಗಾಜಿನ ಬಾಟಲಿಗೆ ಬಗ್ಗಿಸಿ ಬೆಳಕಿಗೆ ಹಿಡಿಯಿರಿ. ನಡುವೆ ಗೆರೆ ಕಂಡರೆ ಆ ಪೆಟ್ರೋಲು ಮಷೀನಿಗೆ ಬೇಡ. ಬೆರೆಸಿದ್ದನ್ನು ತಿಂಗಳಿಗಿಂತ ಜಾಸ್ತಿ ಇಡಬೇಡಿ. ಹಳೇ ಮಷೀನಿನ ಪೆಟ್ರೋಲು ಪೈಪೂ ಇದರಿಂದ ಮೆತ್ತಗಾಗಿ ಊದಿಕೊಳ್ಳುತ್ತದೆ, ಬದಲಾಯಿಸಲು ಖರ್ಚು ಕಡಿಮೆ.

ಏಪ್ರಿಲ್, ಮೇ ತಿಂಗಳಲ್ಲಿ ಮಷೀನು ಬಂದ್ ಮಾಡಿ ಚಹಾ ಕುಡಿದು ಬಂದರೆ ಮತ್ತೆ ಚಾಲೂನೇ ಆಗಲ್ಲ. ತಣ್ಣಗಾದ ಮೇಲೆ ಒಂದೇ ಎಳೆತಕ್ಕೆ ಶುರು. ಏನಿದು?
ಓದುಗರು, ದೇವದುರ್ಗ

ರಾಯಚೂರು ಬಿಸಿಲಲ್ಲಿ, 40 ಡಿಗ್ರಿ ದಾಟಿದ ಹೊತ್ತಲ್ಲಿ, ಇದು ತೀರಾ ಸಾಮಾನ್ಯ. ಕಾರಣ ಮೂರು. ಪೆಟ್ರೋಲು ಪೈಪಿನಲ್ಲೇ ಆವಿಯಾಗಿರಬಹುದು. ಕಾದ ಕಾಯಿಲ್ ಸ್ಪಾರ್ಕ್ ಬಿಟ್ಟಿರಬಹುದು. ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಇಳಿದಿರಬಹುದು.

ಮೂರನ್ನೂ ಹೊಲದಲ್ಲೇ ತಿಳಿಯಬಹುದು. ಟ್ಯಾಂಕ್ ಮುಚ್ಚಳ ಸಡಿಲಿಸಿ, ಬುಸ್ ಅಂತ ಆವಿ ಹೋದ ಮೇಲೆ ಮತ್ತೆ ಬಿಗಿ ಮಾಡಿ, ಚೋಕ್ ಹಾಕದೆ ಆಕ್ಸಿಲರೇಟರ್ ಪೂರ್ತಿ ಹಿಡಿದು ಎಳೆಯಿರಿ. ಶುರುವಾದರೆ ತೊಂದರೆ ಆವಿಯದ್ದೇ. ಇಲ್ಲದಿದ್ದರೆ ಟ್ಯಾಂಕ್ ಮುಚ್ಚಿ, ಚೆಲ್ಲಿದ ಪೆಟ್ರೋಲು ಒರೆಸಿ, ಬಿಸಿ ಇರುವಾಗಲೇ ಪ್ಲಗ್ ಬಿಚ್ಚಿ ತೂತಿನಿಂದ ದೂರ ಬ್ಲಾಕಿಗೆ ತಾಗಿಸಿ ಸ್ಪಾರ್ಕ್ ನೋಡಿ. ತಣ್ಣಗಿದ್ದಾಗ ಬರುವ ಸ್ಪಾರ್ಕ್ ಬಿಸಿಗೆ ಬರದಿದ್ದರೆ ಕಾಯಿಲ್ ಹೋಗಿದೆ. ಹೊಸ ಕಾಯಿಲ್ ಕೂರಿಸುವಾಗ ಫ್ಲೈವೀಲಿಗೂ ಅದಕ್ಕೂ ನಡುವೆ 0.3 ಮಿಲಿಮೀಟರ್ ಸಂದು ಇರಬೇಕು, ಒಂದು ವಿಸಿಟಿಂಗ್ ಕಾರ್ಡ್ ತೂರಿಸಿ ಬಿಗಿ ಮಾಡಿದರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಕಂಪ್ರೆಷನ್ನಿಗೆ, ಸ್ವಿಚ್ ಬಂದ್ ಇಟ್ಟು, ಹಗ್ಗದ ಹಿಡಿ ಹಿಡಿದು ಮಷೀನನ್ನು ಮೆಲ್ಲಗೆ ಕೆಳಕ್ಕೆ ಬಿಡಿ. ತಡೆ ತಡೆದು ಇಳಿದರೆ ರಿಂಗು ಚೆನ್ನಾಗಿದೆ, ಸರ್ರನೆ ಜಾರಿದರೆ ಸವೆದಿದೆ. ಗೇಜ್ ಹಾಕಿದಾಗ 120 ಪಿಎಸ್ಐ ಮೇಲೆ ತೋರಿಸಿದರೆ ಚಿಂತೆ ಇಲ್ಲ, 90ರ ಹತ್ತಿರ ಬಂದರೆ ಬಿಸಿಯಲ್ಲಿ ಚಾಲು ಮಾಡುವುದು ಕಷ್ಟ.

ಫುಲ್ ಓಡಿಸಿದ ಮಷೀನನ್ನು ದಿಢೀರ್ ಬಂದ್ ಮಾಡಬೇಡಿ. ಒಂದು ನಿಮಿಷ ಸುಮ್ಮನೆ ಓಡಲಿ, ಫ್ಯಾನು ಶಾಖ ಹೊರಹಾಕುತ್ತದೆ. ಮತ್ತೆ ದಯವಿಟ್ಟು ಬಿಸಿಲಲ್ಲಿ ಬದುವಿನ ಮೇಲಿಟ್ಟು ಚಹಾಕ್ಕೆ ಹೋಗಬೇಡಿ, ನಿಮ್ಮ ಜೊತೆ ಅದನ್ನೂ ನೆರಳಿಗೆ ಒಯ್ಯಿರಿ.

ಕಟ್ಟಿಗೆ ಕೊಯ್ದರೆ ಸಿಪ್ಪೆ ಬರುವ ಬದಲು ಹಿಟ್ಟಿನಂಥ ಪುಡಿ ಬರುತ್ತದೆ, ಕೊಯ್ತವೂ ಒಂದು ಕಡೆಗೆ ವಾರೆ ಹೋಗುತ್ತದೆ. ಇಂಜಿನ್ ಕೆಲಸ ಮಾಡಿಸಬೇಕಾ?
ಓದುಗರು, ಸಿರುಗುಪ್ಪ

ಇಂಜಿನ್ ಮುಟ್ಟಬೇಡಿ. ಚೈನು ಮೊಂಡಾಗಿದೆ, ಅರ ಹಾಕುವಾಗ ಒಂದು ಬದಿಗೆ ಜಾಸ್ತಿ, ಒಂದು ಬದಿಗೆ ಕಡಿಮೆ ಆಗಿದೆ. ಬಲಗೈಯವರಿಗೆ ಒಂದು ಬದಿಯ ಹಲ್ಲು ಸಲೀಸು, ಇನ್ನೊಂದು ಬದಿಗೆ ಕೈ ತಿರುಗುವುದಿಲ್ಲ, ಅದರಿಂದಲೇ ಈ ವಾರೆ. ಹಲ್ಲು ಯಾವ ಬದಿ ಉದ್ದ, ಚೂಪು ಇದೆಯೋ ಕೊಯ್ತ ಆ ಕಡೆ ಎಳೆಯುತ್ತದೆ.

ಚೈನನ್ನು ಬಿಸಿಲಿಗೆ ಹಿಡಿದು ಹಲ್ಲಿನ ಮೇಲಿನ ಮೂಲೆ ನೋಡಿ. ಅಲ್ಲಿ ಬಿಳಿ ಗೆರೆಯಂತೆ ಹೊಳೆದರೆ ಅದು ಮೊಂಡು, ಚೂಪಾದ ಅಂಚು ಬೆಳಕು ಹೊಳೆಯಿಸುವುದಿಲ್ಲ. ಎಲ್ಲಕ್ಕಿಂತ ಗಿಡ್ಡ ಹಲ್ಲು ಹುಡುಕಿ ಅದರಿಂದ ಶುರು ಮಾಡಿ, ಉಳಿದವನ್ನೆಲ್ಲ ಅದರ ಉದ್ದಕ್ಕೆ ತನ್ನಿ. .325 ಇಂಚು ಅಳತೆಯ ಚೈನಿಗೆ 4.8 ಮಿಲಿಮೀಟರ್ ದುಂಡು ಅರ, ಕೋನ 30 ಡಿಗ್ರಿ. ಒಳಗಿನಿಂದ ಹೊರಕ್ಕೆ ತಳ್ಳಬೇಕು, ವಾಪಸ್ ಬರುವಾಗ ಎತ್ತಬೇಕು. ಹಿಂದಕ್ಕೂ ಮುಂದಕ್ಕೂ ಉಜ್ಜಿದರೆ ಅರವೇ ಹಾಳು. ಪ್ರತಿ ಹಲ್ಲಿನ ಮುಂದೆ ಒಂದು ಗಿಡ್ಡ ಮೊಂಡು ಗುಬ್ಬಿ ಇರುತ್ತದಲ್ಲ, ಅದು ಹಲ್ಲಿನ ತುದಿಗಿಂತ 0.65 ಮಿಲಿಮೀಟರ್ ತಗ್ಗಿರಬೇಕು. ಹಲ್ಲು ಸವೆದಂತೆ ಅದನ್ನೂ ಚಪ್ಪಟೆ ಅರದಲ್ಲಿ ತಗ್ಗಿಸಬೇಕು. ಇದನ್ನು ಮರೆತರೆ ಎಷ್ಟು ಚೂಪು ಮಾಡಿದರೂ ಪುಡಿಯೇ ಬರುತ್ತದೆ. ಹಾಗಂತ ಅತಿಯಾಗಿ ತಗ್ಗಿಸಿದರೆ ಚೈನು ಕಟ್ಟಿಗೆಯನ್ನು ಕಚ್ಚಿ ಎಳೆದಾಡುತ್ತದೆ, ಕೈಗೆ ಅಪಾಯ.

ಜಾಲಿಯ ಬುಡದ ತೊಗಟೆಯಲ್ಲಿ ಮಣ್ಣು, ಮರಳು ತುಂಬಿರುತ್ತದೆ. ಕೊಯ್ಯುವ ಗೆರೆಗೆ ಕೊಡಲಿಯಿಂದ ತೊಗಟೆ ಕೆತ್ತಿ ಆಮೇಲೆ ಚೈನು ಹಚ್ಚಿ. ಬೇಲಿಯ ಮರವಾದರೆ ಒಳಗೆ ಹಳೇ ತಂತಿ, ಮೊಳೆ ಇದೆಯಾ ನೋಡಿ. ಬಾರನ್ನು (ಚೈನು ಸುತ್ತಿ ಓಡುವ ಉದ್ದ ಪಟ್ಟಿ) ಆಗಾಗ ತಿರುವಿ ಹಾಕಿ. ಬಾರಿಗೆ ಟ್ರ್ಯಾಕ್ಟರಿನಿಂದ ಇಳಿಸಿದ ಸುಟ್ಟ ಎಣ್ಣೆ ಹಾಕುತ್ತೀರಿ ಅಂತ ಪತ್ರದಲ್ಲೇ ಬರೆದಿದ್ದೀರಿ, ಅದನ್ನು ಬಿಡಿ. ಅದರಲ್ಲಿರುವ ಕಬ್ಬಿಣದ ಪುಡಿ ಎಣ್ಣೆ ಪಂಪನ್ನೇ ತಿನ್ನುತ್ತದೆ. ಎಣ್ಣೆ ಬರುತ್ತಿದೆಯಾ ಅಂತ ನೋಡಲು ಬಾರಿನ ತುದಿಯನ್ನು ಬಿಳಿ ರಟ್ಟಿನ ಹತ್ತಿರ ಹಿಡಿದು ಫುಲ್ ಕೊಡಿ, ಸಣ್ಣ ಹನಿಗಳ ಗೆರೆ ಬೀಳಬೇಕು.

ಚೈನ್ ಬ್ರೇಕ್ ಪದೇ ಪದೇ ಬೀಳುತ್ತದೆ. ತೆಗೆದುಹಾಕಲಾ?
ಓದುಗರು, ಸಂಡೂರು

ಬೇಡವೇ ಬೇಡ. ಬಾರಿನ ಮೂತಿಯ ಮೇಲ್ಭಾಗ ಕಟ್ಟಿಗೆಗೆ ತಾಗಿದರೆ ಮಷೀನು ಕಣ್ಣು ಮಿಟುಕಿಸುವಷ್ಟರಲ್ಲಿ ನಿಮ್ಮ ಮುಖದ ಕಡೆ ಹಾರುತ್ತದೆ, ಆಗ ಚೈನು ನಿಲ್ಲಿಸುವುದು ಆ ಬ್ರೇಕೇ. ಪದೇ ಪದೇ ಬೀಳುತ್ತಿದ್ದರೆ ಕವರ್ ಒಳಗೆ ಪುಡಿ ತುಂಬಿದೆ ಅಥವಾ ಸ್ಪ್ರಿಂಗ್, ಪಟ್ಟಿ ಸವೆದಿದೆ. ಸ್ವಚ್ಛ ಮಾಡಿ, ಸವೆದಿದ್ದರೆ ಬದಲಾಯಿಸಿ.

ದಾಳಿಂಬೆ ತೋಟದ ಎಣ್ಣೆ ಹೊಡೆಯುವ ಪಂಪು ಆರು ತಿಂಗಳು ಮೂಲೆಯಲ್ಲಿತ್ತು. ಈಗ ಚೋಕ್ ಹಾಕಿದರೆ ಒಂದು ಸಲ ಬುರ್ ಅಂದು ಬಂದ್ ಬೀಳುತ್ತದೆ.
ಓದುಗರು, ಕುಷ್ಟಗಿ

ಸ್ಪಾರ್ಕ್, ಕಂಪ್ರೆಷನ್ ಎರಡೂ ಇವೆ ಅಂತಾಯಿತು, ಪೆಟ್ರೋಲು ಬರುತ್ತಿಲ್ಲ. ನಿಮ್ಮದು ಡಯಾಫ್ರಾಮ್ ಕಾರ್ಬೊರೇಟರ್ ಆಗಿದ್ದರೆ ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ, ಗ್ಯಾಸ್ಕೆಟ್ಟು, ಡಯಾಫ್ರಾಮ್ ಹಿಂದುಮುಂದಾದರೆ ಮತ್ತೆ ಅದೇ ಗೋಳು. ಒಳಗಿನ ತೆಳು ಪರದೆ ಬೆರಳಿಗೆ ಮೆತ್ತಗಿರಬೇಕು. ಹಪ್ಪಳದ ಹಾಗೆ ಗರಿಗರಿ ಅಂದರೆ ಕಿಟ್ ತಂದು ಬದಲಾಯಿಸಿ. ಪಂಪ್ ಬದಿಯಲ್ಲಿ ಗುಂಡುಸೂಜಿ ತಲೆಗಿಂತ ಸ್ವಲ್ಪ ದೊಡ್ಡದೊಂದು ಜಾಲರಿ ಇರುತ್ತದೆ, ಹಳೇ ಪೆಟ್ರೋಲಿನ ಅಂಟು ಅಲ್ಲೇ ಕೂತಿರುತ್ತದೆ. ಕಾರ್ಬೊರೇಟರ್ ಸ್ಪ್ರೇ ಹೊಡೆದು ಗಾಳಿ ಊದಿ. ಜೆಟ್ಟಿನ ತೂತಿಗೆ ತಂತಿ ಹಾಕಿ ಚುಚ್ಚಬೇಡಿ, ತೂತು ಅಗಲವಾದರೆ ಸೆಟ್ಟಿಂಗೇ ಸಿಗುವುದಿಲ್ಲ. ಮುಂದಿನ ಸಲ ಮೂಲೆಗಿಡುವ ಮುಂಚೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ಬಂದ್ ಬೀಳುವ ತನಕ ಓಡಿಸಿ.

ಬೈಕ್ ಕೆಲಸ ಬರುತ್ತದೆ. ಊರಲ್ಲಿ ಇಂಥ ಸಣ್ಣ ಮಷೀನು ರಿಪೇರಿ ಅಂಗಡಿ ಹಾಕಬೇಕು ಅಂತಿದ್ದೇನೆ. ಏನೇನು ಬೇಕು?
ಓದುಗರು, ಮಾನ್ವಿ

ಒಳ್ಳೆಯದು ತಮ್ಮಾ, ಮಾಡು. ಬೈಕಿನ ಪಾನಾ ಹೇಗೂ ಇರುತ್ತವೆ. ಮೇಲೆ ಉದ್ದ ಹಿಡಿಯ 4 ಮತ್ತು 5 ಮಿಲಿಮೀಟರ್ ಅಲನ್ ಕೀ, ಟಿ27 ನಕ್ಷತ್ರ ಕೀ, ಕಂಪ್ರೆಷನ್ ಗೇಜ್, ಗಾಳಿ ತುಂಬುವ ಮತ್ತು ಎಳೆಯುವ ಕೈಪಂಪು ತಗೋ. ಕೈಪಂಪಿಗೆ ಹಾಕಿದ ದುಡ್ಡು ಬೇಗ ವಾಪಸ್ ಬರುತ್ತದೆ. ಆರ್‌ಪಿಎಂ ನೋಡುವ ಮೀಟರ್ ಆಮೇಲೆ ತಂದರೂ ನಡೆಯುತ್ತದೆ.

ಬೈಕಿನವರು ಮೊದಲು ಎಡವುವುದು ಚೈನ್ ಸಾ ಕ್ಲಚ್ಚಿನಲ್ಲಿ. ಅದರ ಥ್ರೆಡ್ ಸಾಮಾನ್ಯವಾಗಿ ಉಲ್ಟಾ, ಬಲಕ್ಕೆ ತಿರುವಿದರೆ ಬಿಚ್ಚುತ್ತದೆ. ಪಿಸ್ಟನ್ ತಡೆಯಲು ಸ್ಕ್ರೂಡ್ರೈವರ್ ತೂರಿಸಬೇಡ, ಹಳೇ ಸ್ಟಾರ್ಟರ್ ಹಗ್ಗವನ್ನು ಪ್ಲಗ್ ತೂತಿನಿಂದ ಇಳಿಬಿಡು. ಆದರೆ ಪಿಸ್ಟನ್ ಮೇಲೇರಿ ಸೈಲೆನ್ಸರ್ ಕಿಂಡಿ ಮುಚ್ಚಿದ ಮೇಲೆಯೇ ಬಿಡಬೇಕು, ಇಲ್ಲದಿದ್ದರೆ ಹಗ್ಗ ಕಿಂಡಿಗೆ ಸಿಕ್ಕಿ ರಿಂಗು ಮುರಿಯುತ್ತದೆ. ಗಿರಾಕಿಗೆ ಹಳೇ ಪಿಸ್ಟನ್ ತೋರಿಸಿ, ಗೀರು ಯಾವ ಕಡೆ ಇದೆ, ಯಾಕೆ ಬಂತು ಅಂತ ಹೇಳಿ ದುಡ್ಡು ಕೇಳು, ಚೌಕಾಸಿ ಕಡಿಮೆ ಆಗುತ್ತದೆ. ಜಿಲ್ಲೆಯ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಯಲ್ಲೂ ಒಮ್ಮೆ ವಿಚಾರಿಸು.

ನದಿ ದಂಡೆಯಲ್ಲಿ ಇಡುವ ಫೋರ್ ಸ್ಟ್ರೋಕ್ ಪೆಟ್ರೋಲ್ ಪಂಪು. ಮನೆ ಹತ್ತಿರ ಚಾಲು ಆಗುತ್ತದೆ, ದಂಡೆಗೆ ಒಯ್ದರೆ ಸ್ಪಾರ್ಕೇ ಬರುವುದಿಲ್ಲ. ಕಾಯಿಲ್ ಹೊಸದು ಹಾಕಿಸಿದ್ದಾಯಿತು.
ಓದುಗರು, ಕಂಪ್ಲಿ

ಕಾಯಿಲಿಗೆ ಹಾಕಿದ ದುಡ್ಡು ದಂಡ ಅನ್ನಿಸುತ್ತದೆ. ಇಂಥ ಎಷ್ಟೋ ಇಂಜಿನ್ನುಗಳ ತಳದಲ್ಲಿ ಎಣ್ಣೆ ಕಡಿಮೆಯಾದರೆ ಸ್ಪಾರ್ಕ್ ಬಂದ್ ಮಾಡುವ ಸೆನ್ಸರ್ ಇರುತ್ತದೆ. ಮನೆ ಮುಂದೆ ನೆಲ ಸಮ, ದಂಡೆಯಲ್ಲಿ ಇಳಿಜಾರು. ಎಣ್ಣೆ ಒಂದು ಕಡೆ ಸರಿದರೆ ಸೆನ್ಸರ್ ಖಾಲಿ ಅಂದುಕೊಳ್ಳುತ್ತದೆ. ಮೊದಲು ಸಮ ನೆಲದಲ್ಲಿಟ್ಟು ಎಣ್ಣೆ ಮುಚ್ಚಳ ಬಿಚ್ಚಿ ನೋಡಿ, ತೂತಿನ ಅಂಚಿನ ತನಕ ಇರಬೇಕು. ಆಮೇಲೆ ದಂಡೆಯಲ್ಲಿ ಎರಡು ಕಲ್ಲು ಕೊಟ್ಟು ಪಂಪನ್ನು ಮಟ್ಟಸವಾಗಿ ಕೂರಿಸಿ ಎಳೆಯಿರಿ. ಆಗಲೂ ಸ್ಪಾರ್ಕ್ ಇಲ್ಲದಿದ್ದರೆ ಸೆನ್ಸರಿನ ತಂತಿ ಬಿಡಿಸಿ ಒಂದು ಸಲ ಎಳೆದು ನೋಡಿ. ಸ್ಪಾರ್ಕ್ ಬಂದರೆ ಸೆನ್ಸರ್ ಕೆಟ್ಟಿದೆ. ತಂತಿ ಬಿಡಿಸಿಯೇ ಓಡಿಸುವುದಾದರೆ ಪ್ರತಿ ಸಲ ಪೆಟ್ರೋಲು ಹಾಕುವಾಗ ಎಣ್ಣೆಯನ್ನೂ ನೀವೇ ನೋಡಬೇಕು.